ಹಳೆಯ ದಾಖಲೆ ತಿದ್ದಿಕೊಟ್ಟವರಿಗೆ

ಶಿಲೀಂಧ್ರಗಳ ಐಟಿಎಸ್ (ಪ್ರಭೇದ ಗುರುತಿಸಲು ಬಳಸುವ ಡಿಎನ್‌ಎ ಭಾಗ) ಅನುಕ್ರಮಗಳ, ಎಂದರೆ ಆ ಭಾಗದ ಡಿಎನ್‌ಎ ಅಕ್ಷರಗಳ ಸಾಲುಗಳ, ಈ ಸುತ್ತಿನ ಪರಿಶೀಲನೆ ಮುಗಿಯಿತು. ಕೈಜೋಡಿಸಿದ ಎಲ್ಲರಿಗೂ ಪರಿಷ್ಕರಣ ತಂಡದ ವಂದನೆಗಳು. ಇವರಲ್ಲಿ ಹೆಚ್ಚಿನವರ ಹೆಸರು ಯಾವ ಪ್ರಬಂಧದ ಲೇಖಕರ ಪಟ್ಟಿಯಲ್ಲೂ ಬರುವುದಿಲ್ಲ. ಯಾವ ಕೆಲಸಕ್ಕೆ ಈ ವಂದನೆ ಎಂಬುದನ್ನಾದರೂ ಬಿಡಿಸಿ ಹೇಳುತ್ತೇವೆ.

ಮೊದಲ ನಮಸ್ಕಾರ ತಮ್ಮದೇ ಹಳೆಯ ದಾಖಲೆಗಳನ್ನು ತಿದ್ದಿಕೊಟ್ಟವರಿಗೆ. ಅಮೆರಿಕದ ಜೆನ್‌ಬ್ಯಾಂಕ್, ಯುರೋಪಿನ ಇಎನ್‌ಎ, ಜಪಾನಿನ ಡಿಡಿಬಿಜೆ ಎಂಬ ಮೂರು ಸಾರ್ವಜನಿಕ ಅನುಕ್ರಮ ಡೇಟಾಬೇಸುಗಳು ದಿನವೂ ದತ್ತಾಂಶ ಹಂಚಿಕೊಳ್ಳುತ್ತವೆ. ಒಂದೆಡೆ ಸೇರಿದ ತಪ್ಪು ಮೂರೂ ಕಡೆ ತಲೆಹಾಕುತ್ತದೆ. ಆದರೆ ದಾಖಲೆ ಎಂಬುದು ಅದನ್ನು ಸಲ್ಲಿಸಿದವರ ಸೊತ್ತು. ಹೊರಗಿನವರು ತಪ್ಪು ತೋರಿಸಬಹುದು, ತಾವಾಗಿ ತಿದ್ದುವಂತಿಲ್ಲ. ವರ್ಷಗಳ ಹಿಂದಿನ ಸಲ್ಲಿಕೆಯ ಬಗ್ಗೆ ಅಪರಿಚಿತರ ಪತ್ರ ಬಂದಾಗ ಹಳೆಯ ಪ್ರಯೋಗಪುಸ್ತಕ ಹುಡುಕಿ ತೆಗೆದು, ಟ್ಯೂಬ್ ಅದಲುಬದಲಾಗಿತ್ತೆಂದು ಒಪ್ಪಿಕೊಳ್ಳುವುದಕ್ಕೆ ದೊಡ್ಡ ಮನಸ್ಸು ಬೇಕು. ಉತ್ತರ ಬಾರದ ಕಡೆ ಶಿಲೀಂಧ್ರಗಳ ಐಟಿಎಸ್‌ಗೆ ಮೀಸಲಾದ ಯುನೈಟ್ ಡೇಟಾಬೇಸಿನಲ್ಲಿ ಟಿಪ್ಪಣಿಯಾಗಿ ತಿದ್ದುಪಡಿ ಸೇರಿದೆ. ಮೂಲದಲ್ಲಿ ತಪ್ಪು ಹಾಗೇ ಕೂತಿದೆ.

ಕೈಮೆರಾಗಳನ್ನು, ಎಂದರೆ ಎರಡು ಪ್ರಭೇದಗಳ ತುಂಡುಗಳು ಬೆಸೆದ ಹುಸಿ ಅನುಕ್ರಮಗಳನ್ನು, ಹಿಡಿದವರ ತಾಳ್ಮೆಗೆ ಇನ್ನೊಂದು ವಂದನೆ. ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್‌ನಲ್ಲಿ ಡಿಎನ್‌ಎ ಎಳೆ ಪೂರ್ತಿ ಬೆಳೆಯದೆ ಅರ್ಧಕ್ಕೆ ನಿಂತರೆ, ಮುಂದಿನ ಆವರ್ತದಲ್ಲಿ ಅದು ಬೇರೆ ಪ್ರಭೇದದ ಡಿಎನ್‌ಎಗೆ ಅಂಟಿಕೊಂಡು ಅಲ್ಲಿಂದ ಮುಂದುವರಿಯುತ್ತದೆ. ಹಾಗೆ ಅಂಟಲು ಅನುಕೂಲವಾದ ಜಾಗ ಐಟಿಎಸ್‌ನ ಎರಡು ಭಾಗಗಳಾದ ಐಟಿಎಸ್1 ಮತ್ತು ಐಟಿಎಸ್2 ನಡುವಿನ 5.8ಎಸ್ ಎಂಬ ಜೀನ್; ಸುಮಾರು 160 ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ಈ ತುಂಡು ಪ್ರಭೇದದಿಂದ ಪ್ರಭೇದಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಹೀಗೆ ತಲೆ ಒಂದರದು, ಬಾಲ ಇನ್ನೊಂದರದು. ಇಡೀ ಅನುಕ್ರಮವನ್ನು ಡೇಟಾಬೇಸಿನಲ್ಲಿ ಹೋಲಿಕೆ ಹುಡುಕುವ ಬ್ಲಾಸ್ಟ್‌ಗೆ ಕೊಟ್ಟರೆ ಒಂದು ಅರ್ಧಕ್ಕೆ ಚೆನ್ನಾಗಿ ಹೊಂದುವ ಹೆಸರು ಮೇಲೆ ಬಂದು ಎಲ್ಲ ಸರಿಯಿದೆ ಎನಿಸುತ್ತದೆ. ಐಟಿಎಸ್‌ಎಕ್ಸ್ ಎಂಬ ತಂತ್ರಾಂಶದಿಂದ ಎರಡು ಭಾಗ ಬಿಡಿಸಿ ಒಂದೊಂದನ್ನೇ ಹುಡುಕಿದಾಗ ಗುಟ್ಟು ರಟ್ಟಾಗುತ್ತದೆ: ಐಟಿಎಸ್1 ಒಂದು ಕುಟುಂಬದ್ದು, ಐಟಿಎಸ್2 ಮತ್ತೊಂದರದು. ಕೈಮೆರಾ ಪತ್ತೆಹಚ್ಚುವ ಯುಚೈಮ್ ತಂತ್ರಾಂಶ ಬೆರಳು ತೋರಿಸಿದ್ದನ್ನೆಲ್ಲ ಕಣ್ಣುಮುಚ್ಚಿ ಕಿತ್ತುಹಾಕದಿದ್ದದ್ದು ಅದಕ್ಕಿಂತ ದೊಡ್ಡ ಉಪಕಾರ. ಹತ್ತಿರದ ಬಂಧುವೇ ಡೇಟಾಬೇಸಿನಲ್ಲಿ ಇಲ್ಲದ ಅಪರೂಪದ ಪ್ರಭೇದವೂ ಯಂತ್ರದ ಕಣ್ಣಿಗೆ ಕೈಮೆರಾದಂತೆಯೇ ಕಾಣಬಹುದು.

ಹೆಸರಿನ ತಪ್ಪು ಇನ್ನೂ ಹಠಮಾರಿ. ಸಾರ್ವಜನಿಕ ಡೇಟಾಬೇಸುಗಳ ಶಿಲೀಂಧ್ರ ಅನುಕ್ರಮಗಳಲ್ಲಿ 20%ವರೆಗೆ ತಪ್ಪು ಹೆಸರು ಹೊತ್ತಿರಬಹುದು ಎಂದು 2006ರ ಅಧ್ಯಯನವೊಂದು ಅಂದಾಜಿಸಿತ್ತು. ಒಬ್ಬರು ತಪ್ಪು ಹೆಸರಿಟ್ಟು ಸಲ್ಲಿಸುತ್ತಾರೆ. ಮುಂದಿನವರು ಹುಡುಕಾಟದಲ್ಲಿ ಮೊದಲು ಬಂದ ಆ ಹೆಸರನ್ನೇ ತಮ್ಮ ಮಾದರಿಗೂ ಹಾಕುತ್ತಾರೆ. ಕೆಲ ವರ್ಷಗಳಲ್ಲಿ ಹತ್ತು ದಾಖಲೆಗಳು ಒಂದೇ ಹೆಸರು ಹೇಳುತ್ತವೆ, ಆದರೆ ಸಾಕ್ಷಿ ಇರುವುದು ಒಂದೇ, ಅದೂ ಸುಳ್ಳು. ಈ ಸರಪಳಿ ಕಡಿಯಲು ಟೈಪ್ ಮಾದರಿಯ ಅನುಕ್ರಮಕ್ಕಿಂತ ಗಟ್ಟಿ ಆಧಾರವಿಲ್ಲ. ಪ್ರಭೇದಕ್ಕೆ ಹೆಸರಿಡುವಾಗ ಆಧಾರವಾಗಿಟ್ಟುಕೊಂಡ ಒಣಗಿದ ಅಣಬೆಯ ಪೊಟ್ಟಣವನ್ನು ದಶಕಗಟ್ಟಲೆ ಹುಳು ಹಿಡಿಯದಂತೆ ಕಾಪಾಡಿ, ಅದರಿಂದ ಒಂದು ಚೂರು ಕತ್ತರಿಸಿಕೊಳ್ಳಲು ಒಪ್ಪಿದ ಹರ್ಬೇರಿಯಂ (ಒಣಗಿಸಿದ ಮಾದರಿಗಳ ಸಂಗ್ರಹಾಲಯ) ಸಿಬ್ಬಂದಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಇಷ್ಟು ಹಳೆಯ ಮಾದರಿಗಳಲ್ಲಿ ಡಿಎನ್‌ಎ ಚೂರುಚೂರಾಗಿರುತ್ತದೆ, ಎಷ್ಟೋ ಸಲ ಐಟಿಎಸ್2 ಮಾತ್ರ ದಕ್ಕುತ್ತದೆ. ಅಷ್ಟು ಸಿಕ್ಕರೂ ಸಾಕು.

ಅಕ್ಷಾಂಶ-ರೇಖಾಂಶ ಅದಲುಬದಲಾಗಿ ಸಮುದ್ರದ ನಡುವೆ ಬಿದ್ದಿದ್ದ ಕಾಡಿನ ಅಣಬೆಗಳನ್ನು ದಡ ಸೇರಿಸಿದವರಿಗೂ, 03/04 ಎಂದರೆ ಮಾರ್ಚೋ ಏಪ್ರಿಲ್ಲೋ ಎಂದು ಸಂಗ್ರಹಕಾರರನ್ನೇ ಕೇಳಿ ಬರೆದವರಿಗೂ, ಹಿಂದುಮುಂದಾಗಿ ಸಲ್ಲಿಸಿದ ಅನುಕ್ರಮಗಳನ್ನು ತಿರುಗಿಸಿಟ್ಟವರಿಗೂ ವಂದನೆ.

ಬಳಸುವವರಿಗೆ ಒಂದು ಸೂಚನೆ. ಅನುಕ್ರಮದ ಅಕ್ಷರ ಬದಲಾದರೆ ದಾಖಲೆ ಸಂಖ್ಯೆಯ ಕೊನೆಯ .1 ಹೋಗಿ .2 ಆಗುತ್ತದೆ. ಹೆಸರು, ಸ್ಥಳ, ದಿನಾಂಕ ಮಾತ್ರ ತಿದ್ದಿದ್ದರೆ .1 ಹಾಗೇ ಉಳಿಯುತ್ತದೆ. ಈ ಸುತ್ತಿನ ತಿದ್ದುಪಡಿಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು. ಹಾಗಾಗಿ ಆವೃತ್ತಿ ಸಂಖ್ಯೆ ನೋಡಿ ಏನೂ ಬದಲಾಗಿಲ್ಲವೆಂದುಕೊಳ್ಳಬೇಡಿ. ಹಳೆಯ ಕಡತ ಅಳಿಸಿ ಹೊಸದನ್ನೇ ಪೂರ್ತಿಯಾಗಿ ಇಳಿಸಿಕೊಳ್ಳಿ.