ಜೋಕರ್ ಟೀ ಶರ್ಟ್ ವಿಚಾರ: ಮಗಳಿಗೊಂದು ಪತ್ರ

ಪುಟ್ಟೀ,

ಬ್ಯಾಟ್‌ಮನ್ ಕಾಮಿಕ್ಸಿನ ಖಳನಾಯಕ ಜೋಕರ್ ಇರುವ ಟೀ ಶರ್ಟ್ ನೋಡಿ ನಿನ್ನ ರೂಮ್‌ಮೇಟ್ "ಈ ವೇಷ ಹಾಕಿಕೊಂಡೇ ಅಲ್ವಾ ಅಮೆರಿಕದಲ್ಲಿ ಒಬ್ಬ ಅಷ್ಟೊಂದು ಜನರನ್ನು ಕೊಂದಿದ್ದು" ಅಂದಳಂತೆ. ಏನು ಹೇಳಬೇಕೋ ತೋಚಲಿಲ್ಲ ಅಂತ ಬರೆದಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಮಾತು ಎಲ್ಲಿಗೋ ಹೋಗುತ್ತದೆ, ಅದಕ್ಕೇ ಈ ಪತ್ರ.

2012ರ ಜುಲೈ 20. ಅಮೆರಿಕದ ಕೊಲರಾಡೋ ರಾಜ್ಯದ ಅರೋರಾ ಅನ್ನುವ ಊರು, 'ದಿ ಡಾರ್ಕ್ ನೈಟ್ ರೈಸಸ್' ಅನ್ನುವ ಬ್ಯಾಟ್‌ಮನ್ ಚಿತ್ರದ ಮಧ್ಯರಾತ್ರಿ ಶೋ. ಫಸ್ಟ್ ಡೇ ಫಸ್ಟ್ ಶೋ ಹುಚ್ಚು ನಮ್ಮಲ್ಲಿ ಹೇಗೋ ಅಲ್ಲೂ ಹಾಗೇ. ಪರದೆಯ ಹತ್ತಿರದ ಬಾಗಿಲಿನಿಂದ ಗ್ಯಾಸ್ ಮಾಸ್ಕ್ ಹಾಕಿಕೊಂಡು ಒಬ್ಬ ಒಳಗೆ ಬಂದಾಗ, ಇದೂ ಸಿನಿಮಾದವರೇ ಮಾಡಿಸಿರುವ ತಮಾಷೆ ಅಂತ ಕೆಲವರು ಸುಮ್ನೆ ಕೂತೇ ಇದ್ದರು. ಅವನು ಗುಂಡು ಹಾರಿಸಿದ. 12 ಜನ ಸತ್ತರು, 70 ಜನಕ್ಕೆ ಗಾಯ. ಸತ್ತವರಲ್ಲಿ 6 ವರ್ಷದ ಮಗುವಿತ್ತು. ತನ್ನ 27ನೇ ಹುಟ್ಟುಹಬ್ಬ ಅಂತ ಸಿನಿಮಾಗೆ ಬಂದಿದ್ದ ಕಾಮಿಕ್ಸ್ ಹುಚ್ಚಿನವನೊಬ್ಬನಿದ್ದ.

ಕೊಂದವನ ಹೆಸರು ನಾನು ಬರೆಯುವುದಿಲ್ಲ. ಅಲ್ಲಿ ಮಗನನ್ನು ಕಳೆದುಕೊಂಡ ಗಂಡ ಹೆಂಡತಿ, ಇಂಥವರ ಹೆಸರು, ಮುಖ ತೋರಿಸಿ ಅವರನ್ನು ದೊಡ್ಡವರನ್ನಾಗಿ ಮಾಡಬೇಡಿ ಅಂತ ಪತ್ರಿಕೆ, ಟಿವಿಯವರನ್ನು ಕೇಳಿಕೊಳ್ಳುತ್ತಲೇ ಇದ್ದಾರೆ.

ಈಗ ಜೋಕರ್ ಕಥೆಗೆ ಬರೋಣ. ಕೊಂದವನು ತಲೆಗೆ ಕೆಂಪು ಬಣ್ಣ ಹಚ್ಚಿದ್ದ, ತಾನು ಜೋಕರ್ ಅಂದ ಅಂತ ಅದೇ ದಿನ ಹೇಳಿದವರು ನ್ಯೂಯಾರ್ಕಿನ ಪೊಲೀಸ್ ಕಮಿಷನರ್. ಅರೋರಾ ಎಲ್ಲಿ, ನ್ಯೂಯಾರ್ಕ್ ಎಲ್ಲಿ! ಎರಡೂವರೆ ಸಾವಿರ ಕಿಲೋಮೀಟರಿಗಿಂತ ಜಾಸ್ತಿ ದೂರ. ಆದರೂ ಅದೇ ಊರೆಲ್ಲಾ ಹಬ್ಬಿತು. ಮುಂದೆ ಕೇಸು ನಡೆಸಿದ ಸರ್ಕಾರಿ ವಕೀಲರೇ ಅದು ಸುಳ್ಳು ಅಂದರು, ಅಷ್ಟರಲ್ಲಿ ಯಾರು ಕೇಳುತ್ತಾರೆ?

ಕಾಮಿಕ್ಸ್ ಓದುವವರು ಮಾತ್ರ ಮೊದಲ ದಿನವೇ "ಜೋಕರ್ ಕೂದಲು ಹಸಿರು ಕಣ್ರೀ, ಇವನದು ಕಿತ್ತಳೆ" ಅಂತ ಶುರು ಮಾಡಿದ್ದರು. ತಪ್ಪಲ್ಲ. ಆದರೆ ನೀನು ಆ ಉತ್ತರ ಕೊಡಬೇಡ ಅನ್ನುತ್ತೇನೆ. ಹಸಿರು ಬಣ್ಣವೇ ಹಚ್ಚಿದ್ದರೆ ತಪ್ಪು ನಮ್ಮ ಪುಸ್ತಕದ್ದಾಗುತ್ತಿತ್ತಾ? ಅವನ ಮನೆಯಲ್ಲಿ ಬ್ಯಾಟ್‌ಮನ್ ಸಾಮಾನು ಸಿಕ್ಕಿದ್ದಂತೂ ನಿಜ, ಅದನ್ನು ಮುಚ್ಚಿಡುವುದೇನಿದೆ. ಅವನ ನೋಟ್‌ಬುಕ್ ಕೋರ್ಟಿಗೆ ಬಂತು. ವಿಮಾನ ನಿಲ್ದಾಣ ಬೇಡ, ಅಲ್ಲಿ ಭದ್ರತೆ ಜಾಸ್ತಿ, ಥಿಯೇಟರೇ ಸರಿ ಅಂತ ಲೆಕ್ಕ ಹಾಕಿ ಬರೆದಿದ್ದಾನೆ. ಅವನಿಗೆ ಬೇಕಿದ್ದದ್ದು ತಪ್ಪಿಸಿಕೊಳ್ಳಲಾಗದ ಜನಜಂಗುಳಿ. ಆ ರಾತ್ರಿ ಅಲ್ಲಿ ಸೇರಿದ್ದು ನಿನ್ನಂಥವರು. ನಮ್ಮವರು ಅಂತ ಹೇಳುವುದಾದರೆ ಗುಂಡೇಟು ತಿಂದವರೇ ನಮ್ಮವರು, ಹೊಡೆದವನಲ್ಲ. ಅಷ್ಟು ಹೇಳು ಸಾಕು.

ಆಮೇಲೆ ಆಗಿದ್ದೂ ಹೇಳುತ್ತೇನೆ. ಅಮೆರಿಕದ ಎಎಂಸಿ ಅನ್ನುವ ಥಿಯೇಟರ್ ಕಂಪನಿಯವರು ಮುಖ ಮುಚ್ಚುವ ಮುಖವಾಡ, ಆಟಿಕೆ ಬಂದೂಕು ಒಳಗೆ ತರಬೇಡಿ ಅಂದರು. ಬ್ಯಾಟ್‌ಮನ್ ಕಾಮಿಕ್ಸ್ ಹೊರತರುವ ಡಿಸಿ ಕಂಪನಿ 'ಬ್ಯಾಟ್‌ಮನ್ ಇನ್‌ಕಾರ್ಪೊರೇಟೆಡ್'ನ 3ನೇ ಸಂಚಿಕೆಯನ್ನು ಒಂದು ತಿಂಗಳು ತಡೆಹಿಡಿಯಿತು. ಅದರಲ್ಲಿ ಕ್ಲಾಸಿನೊಳಗೆ ಬಂದೂಕು ಹಿಡಿದ ಟೀಚರ್ ಇದ್ದಳು. ಪುಸ್ತಕಕ್ಕೆ ಕಾದು ಕೂತಿದ್ದವರೂ ಹೆಚ್ಚೇನೂ ಗೊಣಗಲಿಲ್ಲ.

ಆದರೆ ನನ್ನನ್ನು ಬಿಡದೆ ಕಾಡುವುದು ಬೇರೆ. ಕಾಮಿಕ್ಸ್ ಬರೆಯುವ ಫ್ರಾಂಕ್ ಮಿಲ್ಲರ್ 1986ರಲ್ಲೇ 'ದಿ ಡಾರ್ಕ್ ನೈಟ್ ರಿಟರ್ನ್ಸ್' ಅನ್ನುವ ಬ್ಯಾಟ್‌ಮನ್ ಪುಸ್ತಕದಲ್ಲಿ ಇಂಥದ್ದೊಂದು ಪುಟ ಬರೆದಿದ್ದಾರೆ. ಕೆಲಸ ಕಳೆದುಕೊಂಡವನೊಬ್ಬ, ತಲೆಯೊಳಗೆ ಏನೇನೋ ಮಾತು ತುಂಬಿಕೊಂಡವನು, ಸಿನಿಮಾ ಹಾಲಿಗೆ ನುಗ್ಗಿ ಮೂವರನ್ನು ಕೊಲ್ಲುತ್ತಾನೆ. ಅವನಿಗೂ ಬ್ಯಾಟ್‌ಮನ್‌ಗೂ ಏನೇನೂ ಸಂಬಂಧವಿಲ್ಲ. ಅಲ್ಲೇ ಟಿವಿ ಪರದೆಯಂತೆ ಬಿಡಿಸಿದ ಚೌಕದಲ್ಲಿ ಸುದ್ದಿ ಓದುವವಳು ಬರುತ್ತಾಳೆ, ಬ್ಯಾಟ್‌ಮನ್ ಪ್ರೇರಣೆಯಿಂದ ಗುಂಡಿನ ದಾಳಿ, ವಿವರ ಆಮೇಲೆ ಅಂತ ಹೇಳಿ ಹೋಗುತ್ತಾಳೆ. ಅರೋರಾಗೆ 26 ವರ್ಷ ಮೊದಲು! ಪುಸ್ತಕ ಗೊತ್ತಿದ್ದವರಿಗೆ ಆ ಸುದ್ದಿ ಕೇಳುತ್ತಾ ಹೇಗಾಗಿರಬೇಕು.

2019ರಲ್ಲಿ 'ಜೋಕರ್' ಸಿನಿಮಾ ಬಂದಾಗ ಅರೋರಾದಲ್ಲಿ ಸತ್ತವರ ಮನೆಯ ಕೆಲವರು ಅದನ್ನು ತೆಗೆದ ಕಂಪನಿ ವಾರ್ನರ್ ಬ್ರದರ್ಸ್‌ಗೆ ಪತ್ರ ಬರೆದರು. ಸಿನಿಮಾ ನಿಲ್ಲಿಸಿ ಅಂತ ಕೇಳಲಿಲ್ಲ. ಬಂದೂಕಿಗೆ ಸಿಕ್ಕಿ ನೊಂದವರಿಗೆ ಸಹಾಯ ಮಾಡುವ ಸಂಸ್ಥೆಗಳಿಗೆ ದುಡ್ಡು ಕೊಡಿ, ಬಂದೂಕು ಕಾನೂನು ಬಿಗಿಯಾಗದಂತೆ ಒತ್ತಡ ಹಾಕುವ ಲಾಬಿಯ ದುಡ್ಡು ತಿನ್ನುವ ರಾಜಕಾರಣಿಗಳಿಗೆ ಕೊಡಬೇಡಿ ಅಂದರು. ಅರೋರಾದ ಆ ಥಿಯೇಟರಿನಲ್ಲಿ ಮಾತ್ರ ಆ ಚಿತ್ರ ಹಾಕಲೇ ಇಲ್ಲ.

ಮಿಲ್ಲರ್ ಪುಸ್ತಕ ನನ್ನ ಬೀರುವಿನ ಕೆಳಗಿನ ಖಾನೆಯಲ್ಲಿದೆ, ಊರಿಗೆ ಬಂದಾಗ ತೆಗೆದುಕೊಂಡು ಹೋಗು. ಬೈಂಡ್ ಬಿಟ್ಟಿದೆ, ಪುಟ ಹುಷಾರು. ರೂಮ್‌ಮೇಟ್‌ಗೂ ಓದಲು ಕೊಡು, ಆದರೆ ವಾಪಸ್ ಇಸ್ಕೋ.

ಅಪ್ಪ