ಬೆಂಗಳೂರಿನ ಸಂಸದರಿಗೆ ಬಹಿರಂಗ ಪತ್ರ: ಮೈತ್ರಿ-2ರಲ್ಲಿ ರಾಡಾರ್‌ಗೆ ಜಾಗ ಇದ್ಯಾ, ಒಂದ್ಸಲ ಕೇಳಿ

ಮಾನ್ಯ ಸಂಸದರೇ,

ಬೆಂಗಳೂರಿಂದ ಗೆದ್ದು ಹೋಗಿರೋ ನಿಮ್ಮಲ್ಲಿ ಯಾರು ಮೊದಲು ಓದ್ತೀರೋ ಅವರಿಗೇ ಬರೆದಿದ್ದು ಅಂದ್ಕೊಳ್ಳಿ. ರಸ್ತೆ ಗುಂಡಿ, ಕಾವೇರಿ ನೀರು, ಟ್ರಾಫಿಕ್ ಬಗ್ಗೆ ನಿಮಗೆ ದಿನಾ ಪತ್ರ ಬರುತ್ತೆ, ಬರ್ಲಿ, ಬರ್ಬೇಕು ಕೂಡ. ನಾನು ಬರೀತಿರೋದು ಅಂಟಾರ್ಕ್ಟಿಕಾ ಬಗ್ಗೆ. ನಗ್ಬೇಡಿ ಸಾರ್, ಪೂರ್ತಿ ಓದಿ. ಅನುದಾನ ಕೇಳ್ತಿಲ್ಲ, ಲೋಕಸಭೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ ಅಂತಿದೀನಿ ಅಷ್ಟೇ. ಅಂಟಾರ್ಕ್ಟಿಕಾದಲ್ಲಿರೋ ನಮ್ಮ ಹಳೇ ಮೈತ್ರಿ ಸಂಶೋಧನಾ ಸ್ಟೇಷನ್ ಬದಲು ಸರ್ಕಾರ ಮೈತ್ರಿ-2 ಕಟ್ಟೋಕೆ ಹೊರಟಿದೆಯಲ್ಲ, ಅದರ ಪ್ಲಾನ್‌ನಲ್ಲಿ ಧ್ರುವದ ಅಯಾನುಗೋಳ ನೋಡೋ ಎಚ್‌ಎಫ್ (ಅಂದ್ರೆ ಶಾರ್ಟ್‌ವೇವ್) ರಾಡಾರ್‌ಗೆ ಜಾಗ ಬಿಟ್ಟಿದಾರಾ ಇಲ್ವಾ?

ನಾನು ವಿಜ್ಞಾನಿ ಅಲ್ಲ, ಹ್ಯಾಮ್ ರೇಡಿಯೋ (ಹವ್ಯಾಸಕ್ಕೆ ರೇಡಿಯೋದಲ್ಲಿ ದೂರದವರ ಜೊತೆ ಮಾತಾಡೋದು) ಹುಚ್ಚು ಹತ್ತಿಸ್ಕೊಂಡಿರೋ ಒಬ್ಬ ಮಾಮೂಲಿ ಮನುಷ್ಯ. ನಮ್ಮ ಹುಚ್ಚೆಲ್ಲ ನಡೆಯೋದೇ ಅಯಾನುಗೋಳದ ದಯೆಯಿಂದ. ಸೂರ್ಯನ ಅಲ್ಟ್ರಾವಯೊಲೆಟ್ ಮತ್ತು ಎಕ್ಸ್‌ರೇ ಹೊಡೆತಕ್ಕೆ ಗಾಳಿಯ ಅಣುಗಳಿಂದ ಎಲೆಕ್ಟ್ರಾನ್ ಕಿತ್ಕೊಂಡು ಬಂದು, ನೂರು ಕಿಲೋಮೀಟರಿನ ಆಸುಪಾಸಿಂದ ಮೇಲಕ್ಕೆ ಒಂದು ವಿದ್ಯುತ್ ತುಂಬಿದ ಪದರ ಇರುತ್ತೆ, ಶಾರ್ಟ್‌ವೇವ್ ಅಲೆ ಅಲ್ಲಿವರೆಗೂ ಹೋಗಿ ಬಗ್ಗಿ ಮತ್ತೆ ನೆಲಕ್ಕೆ ಇಳಿಯುತ್ತೆ. ರೇಡಿಯೋ ಸಿಲೋನ್ ಕೇಳ್ಕೊಂಡು ಬೆಳೆದ ಹಿರಿಯರು ಮನೇಲಿದ್ರೆ ಕೇಳಿ ನೋಡಿ, ಒಂದಿನ ಪಕ್ಕದ ರೂಮಲ್ಲಿ ಹಾಡಿದಂಗೆ ಕೇಳಿಸೋದು, ಇನ್ನೊಂದಿನ ಬರೀ ಗೊರಗೊರ.

ಇಲ್ಲಿಂದ ಕ್ಯಾಲಿಫೋರ್ನಿಯಾಗೆ ಹತ್ತಿರದ ದಾರಿ ಉತ್ತರ ಧ್ರುವದ ಪಕ್ಕದಲ್ಲೇ ಹಾಯ್ದು ಹೋಗುತ್ತೆ. 14 ಮೆಗಾಹರ್ಟ್ಸ್‌ನಲ್ಲಿ ಅಲ್ಲಿಯ ಹ್ಯಾಮ್ ಒಬ್ಬ ಸಿಕ್ಕಿದ ಅಂದ್ಕೊಳ್ಳಿ, ಅವನ ಮೋರ್ಸ್ ಶುದ್ಧವಾಗಿ ಪೀಂ ಪೀಂ ಅಂತ ಬರಲ್ಲ, ಒಂಥರಾ ಬುರ್ರ್ ಬುರ್ರ್ ಅಂತ ನಡುಗ್ತಾ ಬರುತ್ತೆ, ಮಾತಾಡಿದ್ರೆ ಗಂಟಲು ಅಲುಗಾಡಿಸಿ ಮಾತಾಡ್ದಂಗೆ. ನಾವು ಫ್ಲಟರ್ ಅಂತೀವಿ. ಧ್ರುವದ ಮೇಲಿನ ಪ್ಲಾಸ್ಮಾ (ಅದೇ ವಿದ್ಯುತ್ ತುಂಬಿದ ಅನಿಲ) ಸುಮ್ನೆ ನಿಂತಿರಲ್ಲ, ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಓಡ್ತಿರುತ್ತೆ, ಜೋರು ದಿನ ಸೆಕೆಂಡಿಗೆ ಕಿಲೋಮೀಟರೇ ದಾಟುತ್ತೆ, ಅದಕ್ಕೆ ತಗುಲಿ ಚದುರಿದ ಅಲೆಯ ಫ್ರೀಕ್ವೆನ್ಸಿ ಚೂರುಚೂರು ಆಚೀಚೆ ಸರಿಯುತ್ತೆ, ಅದೇ ಆ ನಡುಕ. ನಮಗೆ ಕಿರಿಕಿರಿ ಅನ್ಸೋ ಇದನ್ನೇ ಹಿಡಿದು ಅಳೆಯೋಕೆ ಒಂದು ರಾಡಾರ್ ಇದೆ, ಅದೇ ಈ ಪತ್ರದ ವಿಷಯ.

ಅದರ ಹೆಸರು ಸೂಪರ್‌ಡಾರ್ನ್, ಒಂದೇ ರಾಡಾರ್ ಅಲ್ಲ, ಒಂದು ಜಾಲ. 1983ರಲ್ಲಿ ಕೆನಡಾದ ಗೂಸ್ ಬೇನಲ್ಲಿ ಮೊದಲನೇದು ಶುರುವಾಯ್ತು, ಇವತ್ತು ಎರಡೂ ಗೋಳಾರ್ಧ ಸೇರಿ 30ಕ್ಕಿಂತ ಜಾಸ್ತಿ ಇವೆ. ನೋಡೋಕೆ ಅಂಥ ಭವ್ಯವೇನೂ ಅಲ್ಲ: ಹಿಮದಲ್ಲಿ ಸಾಲಾಗಿ 16 ಆಂಟೆನಾ, ಸ್ವಲ್ಪ ದೂರದಲ್ಲಿ ಇನ್ನೊಂದು 4, ಪಕ್ಕದಲ್ಲಿ ಎಲೆಕ್ಟ್ರಾನಿಕ್ಸ್ ಇಟ್ಟಿರೋ ಒಂದು ಚಿಕ್ಕ ಗೂಡು. ತಿರುಗೋ ಡಿಶ್ ಇಲ್ಲ, ಆಂಟೆನಾಗಳಿಗೆ ಸಿಗ್ನಲ್ ಕೊಡೋ ಹೊತ್ತನ್ನ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ ಕಿರಣವನ್ನ ಒಂದಾದ ಮೇಲೊಂದು ದಿಕ್ಕಿಗೆ ತಿರುಗಿಸ್ತಾರೆ, ಒಂದೆರಡು ನಿಮಿಷಕ್ಕೆ ಒಂದು ಸುತ್ತು, 3000 ಕಿಲೋಮೀಟರ್‌ಗೂ ಆಚೆವರೆಗೆ. ಕೆಲಸ ಮಾಡೋದು 8ರಿಂದ 20 ಮೆಗಾಹರ್ಟ್ಸ್‌ನಲ್ಲಿ, ಅಂದ್ರೆ ನಮ್ಮ ಶಾರ್ಟ್‌ವೇವ್‌ನಲ್ಲೇ.

ಶಾರ್ಟ್‌ವೇವೇ ಯಾಕೆ ಅನ್ನೋದು ನನಗೆ ತುಂಬಾ ಇಷ್ಟವಾದ ಭಾಗ. ಪ್ಲಾಸ್ಮಾದಲ್ಲಿರೋ ಏರುಪೇರುಗಳು ಭೂಮಿಯ ಕಾಂತರೇಖೆ ಉದ್ದಕ್ಕೂ ಎಳ್ಕೊಂಡಿರ್ತಾವೆ, ಅಲೆ ಅವುಗಳಿಗೆ ನೇರ ಅಡ್ಡವಾಗಿ ಬಡಿದ್ರೆ ಮಾತ್ರ ಪ್ರತಿಧ್ವನಿ ವಾಪಸ್ ರಾಡಾರ್‌ಗೇ ಬರೋದು. ಧ್ರುವದ ಹತ್ರ ಕಾಂತರೇಖೆ ಹೆಚ್ಚುಕಮ್ಮಿ ನೆಟ್ಟಗೆ ನಿಂತಿರುತ್ತೆ. ನೆಲದಿಂದ ಮೇಲಕ್ಕೆ ನೇರವಾಗಿ ಹೋಗೋ ಅಲೆ ಅದಕ್ಕೆ ಅಡ್ಡ ಬೀಳೋದಾದ್ರೂ ಹೆಂಗೆ? ಅಲೆ ದಾರೀಲೇ ಬಗ್ಗಿ ಮಲಗಬೇಕು, ಹಂಗೆ ಬಗ್ಗೋದು ಎಚ್‌ಎಫ್ ಅಲೆ. ನೋಡಬೇಕಾದ ಅಯಾನುಗೋಳವೇ ಅಲೆಯನ್ನ ಬಗ್ಗಿಸಿ ತನ್ನನ್ನ ತೋರಿಸಿಕೊಡುತ್ತೆ. ಬಂದ ಪ್ರತಿಧ್ವನಿಯ ಡಾಪ್ಲರ್ (ಫ್ರೀಕ್ವೆನ್ಸಿ ಎಷ್ಟು ಸರಿದಿದೆ ಅನ್ನೋದು) ನೋಡಿದ್ರೆ ಪ್ಲಾಸ್ಮಾ ಎಷ್ಟು ವೇಗದಲ್ಲಿ ಹತ್ರ ಬರ್ತಿದೆ ಅಥವಾ ದೂರ ಹೋಗ್ತಿದೆ ಗೊತ್ತಾಗುತ್ತೆ. ಒಂದು ರಾಡಾರ್‌ಗೆ ಅಷ್ಟೇ ಕಾಣೋದು, ಅಡ್ಡಕ್ಕೆ ಹೋಗ್ತಿರೋದು ಕಾಣಲ್ಲ, ಅದಕ್ಕೇ ಇನ್ನೊಂದು ರಾಡಾರ್ ಬೇರೆ ಮೂಲೆಯಿಂದ ಅದೇ ಜಾಗ ನೋಡ್ಬೇಕು. ಎಲ್ಲಾ ಸೇರಿಸಿದ್ರೆ ಧ್ರುವದ ಮೇಲೆ ಪ್ಲಾಸ್ಮಾ ಎರಡು ದೊಡ್ಡ ಸುಳಿಯಾಗಿ ತಿರುಗೋ ನಕ್ಷೆ ಸಿಗುತ್ತೆ. ಆ ಸುಳಿಗಳ ಹಿಂದಿರೋ ವೋಲ್ಟೇಜ್ ಮಾಮೂಲಿ ದಿನ ಹತ್ತಾರು ಸಾವಿರ ವೋಲ್ಟ್, ಸೌರ ಬಿರುಗಾಳಿ ಬಂದ ದಿನ ಲಕ್ಷ ವೋಲ್ಟ್ ದಾಟುತ್ತೆ.

ಈಗ ಅಂಟಾರ್ಕ್ಟಿಕಾ ಮ್ಯಾಪ್ ತೆಗೆದು ನೋಡಿ. ಬ್ರಿಟನ್ ತನ್ನ ಹ್ಯಾಲಿ ಸ್ಟೇಷನ್‌ನಲ್ಲಿ 80ರ ದಶಕದ ಕೊನೇಲೇ ಇಂಥ ರಾಡಾರ್ ಇಟ್ಟಿತ್ತು. ಜಪಾನ್‌ದು ಸ್ಯೋವಾದಲ್ಲಿ ಎರಡು. ದಕ್ಷಿಣ ಆಫ್ರಿಕಾದ್ದು ಸಾನಾಯೆಯಲ್ಲಿ, ಅದು ನಮ್ಮ ಮೈತ್ರಿ ಇರೋ ಕ್ವೀನ್ ಮಾಡ್ ಲ್ಯಾಂಡ್‌ನಲ್ಲೇ ಇದೆ. ಚೀನಾದ್ದು ಝೋಂಗ್‌ಶಾನ್‌ನಲ್ಲಿ 2010ರಿಂದ, ಅದಂತೂ ನಮ್ಮ ಭಾರತಿ ಸ್ಟೇಷನ್ ಇರೋ ಲಾರ್ಸಮನ್ ಹಿಲ್ಸ್‌ನಲ್ಲೇ, ಅಕ್ಕಪಕ್ಕದ ಮನೆ. ನಮ್ಮ ರಾಡಾರ್ ಈ ಜಾಲದಲ್ಲಿ ಒಂದೂ ಇಲ್ಲ. ನಾವು ಮೊದಲ ಸಲ ಅಂಟಾರ್ಕ್ಟಿಕಾಗೆ ಕಾಲಿಟ್ಟಿದ್ದು 1982ರ ಜನವರಿಯಲ್ಲಿ, 1989ರಿಂದ ಮೈತ್ರಿ, 2012ರಿಂದ ಭಾರತಿ. ಭಾರತೀಯ ಭೂಕಾಂತತ್ವ ಸಂಸ್ಥೆಯವರು ಮೈತ್ರಿಯಲ್ಲಿ ಮ್ಯಾಗ್ನೆಟೋಮೀಟರ್ (ಕಾಂತಕ್ಷೇತ್ರ ಅಳೆಯೋದು), ರಿಯೋಮೀಟರ್ (ಆಕಾಶದಿಂದ ಬರೋ ರೇಡಿಯೋ ಗದ್ದಲವನ್ನ ಅಯಾನುಗೋಳ ಎಷ್ಟು ಹೀರ್ಕೊಳ್ತು ಅಂತ ಅಳೆಯೋದು) ಇಟ್ಕೊಂಡು ವರ್ಷಗಟ್ಟಲೆ ಒಳ್ಳೇ ಕೆಲಸ ಮಾಡಿದಾರೆ, ಅದನ್ನ ಯಾರೂ ಕಡೆಗಣಿಸಬಾರದು, ಆದ್ರೆ ರಿಯೋಮೀಟರ್ ನೋಡೋದು ತಲೆ ಮೇಲಿನ ಆಕಾಶ ಮಾತ್ರ, ಸಾವಿರಾರು ಕಿಲೋಮೀಟರ್ ಆಚೆ ಏನಾಗ್ತಿದೆ ಅಂತ ಅದಕ್ಕೆ ತಿಳಿಯಲ್ಲ.

ಚೀನಾ ಇಟ್ಟಿದೆ ಅದಕ್ಕೆ ನಾವೂ ಇಡೋಣ ಅಂತ ದಯವಿಟ್ಟು ಭಾಷಣ ಮಾಡ್ಬೇಡಿ. ಈ ಜಾಲದಲ್ಲಿ ಚೀನಾ, ಅಮೆರಿಕ, ಜಪಾನ್ ಎಲ್ಲಾ ಡೇಟಾ ಹಂಚ್ಕೊಂಡೇ ನಡೆಸ್ತಿರೋದು, ಜಗಳದ ವಿಷಯವೇ ಅಲ್ಲ. ದಕ್ಷಿಣದಲ್ಲಿ ಸುತ್ತ ಬರೀ ಸಮುದ್ರ, ಆಂಟೆನಾ ನೆಡೋಕೆ ನೆಲವೇ ಕಮ್ಮಿ, ಹಂಗಾಗಿ ಉತ್ತರದಷ್ಟು ದಟ್ಟವಾಗಿ ರಾಡಾರ್ ಇಲ್ಲ. ನೆಲ, ಕರೆಂಟು, ವರ್ಷಪೂರ್ತಿ ಜನ ಎಲ್ಲಾ ಇರೋ ದೇಶ ನಾವು, ಬರೀ ಬೇರೆಯವರ ಡೇಟಾ ಡೌನ್‌ಲೋಡ್ ಮಾಡ್ಕೊಂಡು ಕೂರೋದು ನನಗ್ಯಾಕೋ ಸರಿ ಕಾಣಲ್ಲ.

ಬೆಂಗಳೂರಿಗೇನು ಸಂಬಂಧ ಅಂತೀರಾ? 2021ರ ಜನವರಿ 11ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ನಮ್ಮ ಕೆಂಪೇಗೌಡ ಏರ್‌ಪೋರ್ಟಿಗೆ ಏರ್ ಇಂಡಿಯಾ ವಿಮಾನ ಇಳೀತು, ಕಾಕ್‌ಪಿಟ್‌ನಲ್ಲಿ ಇದ್ದಿದ್ದೆಲ್ಲ ಹೆಣ್ಮಕ್ಕಳು, ಊರೆಲ್ಲ ಹೆಮ್ಮೆ ಪಟ್ವಿ. 82 ಡಿಗ್ರಿ ಉತ್ತರ ದಾಟಿದ್ಮೇಲೆ ಭೂಮಧ್ಯರೇಖೆ ಮೇಲಿರೋ ಉಪಗ್ರಹಗಳು ದಿಗಂತದಲ್ಲಿ ಮುಳುಗೋಗ್ತಾವೆ, ಅಲ್ಲಿ ಪೈಲಟ್‌ಗಳು ನೆಚ್ಕೊಳ್ಳೋದ್ರಲ್ಲಿ ಎಚ್‌ಎಫ್ ರೇಡಿಯೋ ಮುಖ್ಯವಾದ್ದು. ಸೂರ್ಯನಿಂದ ಪ್ರೋಟಾನ್‌ಗಳು ನುಗ್ಗಿದ್ರೆ ಧ್ರುವದ ಮೇಲೆ ಆ ಎಚ್‌ಎಫ್ಫೇ ಸತ್ತೋಗುತ್ತೆ. 2012ರ ಜನವರಿಯಲ್ಲಿ ಡೆಲ್ಟಾ ಏರ್‌ಲೈನ್ಸ್ ಇದೇ ಕಾರಣಕ್ಕೆ ಕೆಲವು ವಿಮಾನಗಳ ದಾರಿ ಬದಲಿಸ್ತು.

ವಿಮಾನ ಹೋಗೋದು ಉತ್ತರದಲ್ಲಿ, ರಾಡಾರ್ ಯಾಕೆ ದಕ್ಷಿಣದಲ್ಲಿ ಅಂತ ಅಧಿಕಾರಿಗಳು ಕೇಳೇ ಕೇಳ್ತಾರೆ. ಎರಡೂ ಧ್ರುವಗಳಿಗೆ ಸೌರಮಾರುತದ ಹೊಡೆತ ಒಟ್ಟಿಗೇ ಬೀಳುತ್ತೆ, ಆದ್ರೆ ಒಂದು ಕಡೆ ಬೇಸಿಗೆ ಬೆಳಕು, ಇನ್ನೊಂದು ಕಡೆ ಚಳಿಗಾಲದ ಕತ್ತಲು, ಕಾಂತಧ್ರುವವೂ ಎರಡು ಕಡೆ ಒಂದೇ ಥರ ಕೂತಿಲ್ಲ, ಹಂಗಾಗಿ ಪ್ರತಿಕ್ರಿಯೆ ಬೇರೆ ಬೇರೆ. ಒಂದನ್ನೇ ನೋಡಿ ಮಾಡಿದ ಮಾಡೆಲ್ ಅರ್ಧ ಮಾಡೆಲ್.

ಇದಕ್ಕಿಂತ ನಮಗೆ ನೇರವಾಗಿ ತಟ್ಟೋದು ಇನ್ನೊಂದಿದೆ. ಸೌರ ಬಿರುಗಾಳಿ ಶುರುವಾದಾಗ ಧ್ರುವದಲ್ಲಿ ಹುಟ್ಟಿದ ವಿದ್ಯುತ್ ಕ್ಷೇತ್ರ ನಿಮಿಷಗಳಲ್ಲಿ ಭೂಮಧ್ಯರೇಖೆವರೆಗೂ ಬರುತ್ತೆ, ಹಗಲಾಗಿದ್ರೆ ದಕ್ಷಿಣ ಭಾರತದ ಮೇಲಿನ ಅಯಾನುಗೋಳವನ್ನ ಮೇಲಕ್ಕೆ ಎತ್ತಿಬಿಡುತ್ತೆ, ಎಲೆಕ್ಟ್ರಾನ್ ಲೆಕ್ಕಾಚಾರವೆಲ್ಲ ಏರುಪೇರು. ಜಿಪಿಎಸ್ ಸಿಗ್ನಲ್‌ಗೆ ಆಗೋ ವಿಳಂಬವನ್ನ ತಿದ್ದಿ ವಿಮಾನಗಳಿಗೆ ಕಳಿಸೋಕೇ ಅಂತ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಗಗನ್ ವ್ಯವಸ್ಥೆ ಮಾಡಿದಾರೆ, ಅದರ ಕಂಟ್ರೋಲ್ ಸೆಂಟರ್ ಇರೋದು ನಮ್ಮ ಕುಂದಲಹಳ್ಳಿಯಲ್ಲಿ. 2024ರ ಮೇ 10-11ರ ಸೌರ ಬಿರುಗಾಳಿಗೆ ಅಮೆರಿಕದಲ್ಲಿ ಬಿತ್ತನೆ ಟ್ರ್ಯಾಕ್ಟರ್‌ಗಳ ಜಿಪಿಎಸ್ ಕೈಕೊಟ್ಟು ರೈತರು ಹೊಲದಲ್ಲೇ ನಿಂತ್ರು, ಕೋರಮಂಗಲದ ಖಭೌತ ಸಂಸ್ಥೆ ನಡೆಸೋ ಲಡಾಖ್‌ನ ಹಾನ್ಲೆ ವೀಕ್ಷಣಾಲಯದಿಂದ ಆಕಾಶ ಕೆಂಪಾಗಿ ಕಾಣಿಸ್ತು. ಫೋಟೋ ಎಲ್ಲರೂ ಶೇರ್ ಮಾಡಿದ್ವಿ.

ದುಡ್ಡಿನ ಮಾತಿಗೆ ಬರೋಣ. ನಾರ್ವೆಯ ಸ್ಕಿಬೋಟ್ನ್‌ನಲ್ಲಿ ಹತ್ತಿರ ಹತ್ತಿರ 10,000 ಆಂಟೆನಾದ ಐಸ್ಕ್ಯಾಟ್ 3ಡಿ ಅಂತ ದೈತ್ಯ ಬರ್ತಿದೆ, ಅಂಥದ್ದು ಬೇಕು ಅಂತ ನಾನು ಹೇಳ್ತಿಲ್ಲ. ಇದಕ್ಕೆ ಬೇಕಿರೋದು 20 ಆಂಟೆನಾ. ತಿರುಪತಿ ಹತ್ರ ಗಾದಂಕಿಯಲ್ಲಿ ವಾತಾವರಣ ನೋಡೋ 1024 ಆಂಟೆನಾದ ಎಂಎಸ್‌ಟಿ ರಾಡಾರ್ ಕಟ್ಟಿ ನಡೆಸ್ತಿರೋ ದೇಶಕ್ಕೆ ಇದು ಕೈಮೀರಿದ ಕೆಲಸ ಅಲ್ಲ. ಕಷ್ಟ ಇರೋದು ಗಾಳಿಯಲ್ಲಿ, ಹಿಮಗಾಳಿಗೆ ಕಂಬ ಮುರಿದ್ರೆ ಬಿಡಿಭಾಗ ಹೊತ್ತ ಹಡಗು ಬರೋದು ಬೇಸಿಗೇಲಿ ಮಾತ್ರ. ಅದಕ್ಕೇ ಈಗಲೇ ಕೇಳಿ ಅಂತಿರೋದು. ಅಂಟಾರ್ಕ್ಟಿಕಾದ ಪರಿಸರ ಕಾಪಾಡೋಕೆ ದೇಶಗಳು ಮಾಡ್ಕೊಂಡಿರೋ ಮ್ಯಾಡ್ರಿಡ್ ಪ್ರೋಟೋಕಾಲ್ ಪ್ರಕಾರ ಹೊಸ ಸ್ಟೇಷನ್‌ಗೆ ಪರಿಸರ ಪರಿಣಾಮದ ವರದಿ ಮಾಡಿ ಬೇರೆ ದೇಶಗಳ ಮುಂದೆ ಇಡ್ಬೇಕು, ಆಂಟೆನಾ ಸಾಲು ಅದರಲ್ಲೇ ಸೇರಿದ್ರೆ ಒಂದೇ ಸಲಕ್ಕೆ ಮುಗೀತು. ಜೊತೆಗೆ ಜನರೇಟರ್ ಗದ್ದಲದಿಂದ ದೂರ ಜಾಗ ಬಿಡ್ಬೇಕು, ಕೇಬಲ್ ದಾರಿ ಬಿಡ್ಬೇಕು. ಕಟ್ಟಡ ಎದ್ದ ಮೇಲೆ ಅಯ್ಯೋ ರಾಡಾರ್ ಅಂದ್ರೆ, ನಮ್ಮೂರಲ್ಲಿ ಡಾಂಬರು ಹಾಕಿದ ಮಾರನೇ ದಿನ ಪೈಪಿಗೆ ರಸ್ತೆ ಅಗೀತಾರಲ್ಲ, ಅದೇ ಕಥೆ.

ಚುಕ್ಕೆ ಗುರುತಿನ ಪ್ರಶ್ನೆಯಾಗಿ ಹಾಕಿ, ಆಗ ಸಚಿವರು ಎದ್ದು ನಿಂತು ಉತ್ತರ ಕೊಡ್ಬೇಕಾಗುತ್ತೆ, ನೀವು ಉಪಪ್ರಶ್ನೆ ಕೇಳಬಹುದು. ದಿನಕ್ಕೆ 20ಕ್ಕೆ ಮಾತ್ರ ಚಾನ್ಸ್ ಅಂತ ಗೊತ್ತು, ಬ್ಯಾಲೆಟ್‌ನಲ್ಲಿ ಬೀಳದಿದ್ರೆ ಚುಕ್ಕೆ ಇಲ್ಲದ್ದೇ ಆಗ್ಲಿ, ಲಿಖಿತ ಉತ್ತರವಾದ್ರೂ ದಾಖಲೆಯಲ್ಲಿ ಉಳಿಯುತ್ತೆ. ಕೇಳಬೇಕಾದ್ದು ಇಷ್ಟು: ಮೈತ್ರಿ-2 ಪ್ಲಾನ್‌ನಲ್ಲಿ ಎಚ್‌ಎಫ್ ರಾಡಾರ್ ಇದೆಯಾ, ಇಲ್ಲದಿದ್ರೆ ಯಾಕಿಲ್ಲ, ಸೂಪರ್‌ಡಾರ್ನ್ ಸೇರೋ ಬಗ್ಗೆ ಭೂ ವಿಜ್ಞಾನ ಸಚಿವಾಲಯದ ನಿಲುವೇನು. ಹದಿನೈದು ದಿನ ಮುಂಚೆ ನೋಟಿಸ್ ಕೊಡ್ಬೇಕು, ಅಧಿವೇಶನದ ದಿನಾಂಕ ನಿಮ್ಮ ಪಿಎಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ಉತ್ತರ ಬಂದ್ರೆ ಆ ಪಿಡಿಎಫ್ ನಿಮ್ಮ ಪೇಜ್‌ನಲ್ಲಿ ಹಾಕಿಬಿಡಿ, ಕನ್ನಡ ಮಾಡಿ ಹಂಚೋ ಕೆಲಸ ನಾವು ನೋಡ್ಕೋತೀವಿ.

ಇಂತಿ ನಿಮ್ಮ ಮತದಾರ,
ಬೆಂಗಳೂರಿನ ಒಬ್ಬ ಹ್ಯಾಮ್