ಮೂರನೇ ಪುಸ್ತಕ ಮುಗಿಯಿತು, ಮೊದಲ ನಮಸ್ಕಾರ ಅತ್ತೆಗೆ

ಕಳೆದ ವಾರ ಮೂರನೇ ಪುಸ್ತಕ ಪ್ರೆಸ್ಸಿನಿಂದ ಮನೆಗೆ ಬಂತು. ಆಟೋದಿಂದ ಕಟ್ಟುಗಳನ್ನು ಇಳಿಸಿ ನಡುಮನೆಯಲ್ಲಿ ಜೋಡಿಸಿದೆವು. ಬಳೇಪೇಟೆಯ ಆ ಮನೆಯವರ ಕಥೆ ಇಲ್ಲಿಗೆ ಮುಗಿಯಿತು. ಏಳು ವರ್ಷ ಹಿಡಿಯಿತು. ಈ ಏಳು ವರ್ಷದಲ್ಲಿ ಯಾರ್ಯಾರು ಕೈ ಹಿಡಿದರು ಅಂತ ಇವತ್ತು ಕೂತು ಬರೆಯಲೇಬೇಕು ಅನ್ನಿಸಿತು.

ಪುಸ್ತಕ ಓದದವರಿಗೆ ಸ್ವಲ್ಪ ಹಿನ್ನೆಲೆ. ಇವು ಬೆಂಗಳೂರಿನಲ್ಲಿ ನಡೆಯುವ ನಗೆ ಕಾದಂಬರಿಗಳು. ಮಾಯೆ ಇದೆ, ಕಳ್ಳತನ ಇದೆ, ಪತ್ತೆದಾರಿಕೆ ಇದೆ. ಕಥೆಯ ಮನೆಯಲ್ಲಿ ಮಾಯೆ ರಕ್ತದಲ್ಲಿ ಬರುವುದಿಲ್ಲ. ಅತ್ತೆಯಿಂದ ಸೊಸೆಗೆ ಬರುತ್ತದೆ. ಸಾರಿನ ಪುಡಿಯ ಅಳತೆ, ಬೀಗದ ಕೈ ಗೊಂಚಲು, ಇವುಗಳ ಜೊತೆಗೆ ನೀರಿನ ಹತ್ತಿರ ಮಾತಾಡುವ ವಿದ್ಯೆ. ಮನೆಯ ಗಂಡಸರಿಗೆ ಈ ವಿಷಯ ಗೊತ್ತಿಲ್ಲ. ಗೊತ್ತಾಗದ ಹಾಗೆ ನೋಡಿಕೊಳ್ಳುವುದರಲ್ಲೇ ಅರ್ಧ ನಗು.

ಈ ಯೋಚನೆ ಹುಟ್ಟಿದ್ದು ನನ್ನ ತಲೆಯಲ್ಲಲ್ಲ. ಒಂದು ಡಿಸೆಂಬರ್ ಸಂಜೆ ಕರೆಂಟ್ ಹೋಗಿತ್ತು. ನಾನು, ಅತ್ತೆ ಅವರೆಕಾಳು ಹಿದುಕುತ್ತಾ ಕೂತಿದ್ದೆವು. ಅತ್ತೆ ಲಕ್ಷ್ಮಮ್ಮನ ಕಥೆ ಹೇಳಿದರು. ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟುವಾಗ ಹೆಬ್ಬಾಗಿಲು ಮತ್ತೆ ಮತ್ತೆ ಬಿದ್ದುಹೋಗುತ್ತಿತ್ತಂತೆ. ಗರ್ಭಿಣಿಯ ಬಲಿ ಬೇಕು ಅಂದರಂತೆ. ಗೌಡರ ಸೊಸೆ ಲಕ್ಷ್ಮಮ್ಮ ರಾತ್ರಿ ಒಬ್ಬಳೇ ಹೋಗಿ ತಲೆ ಕೊಟ್ಟಳು ಅಂತ ಕಥೆ. ಕೋರಮಂಗಲದಲ್ಲಿ ಅವಳ ಗುಡಿ ಇದೆ. ನಾನು 'ಕೆರೆಗೆ ಹಾರ' ಹಾಡನ್ನು ನೆನಪಿಸಿದೆ. ಅಲ್ಲೂ ಕೆರೆಯಲ್ಲಿ ನೀರು ಬರಲಿ ಅಂತ ಹೋದವಳು ಕಿರಿ ಸೊಸೆ ಭಾಗೀರಥಿ.

ಅತ್ತೆ ಕೈಯಲ್ಲಿದ್ದ ಕಾಳು ಹಾಗೇ ಹಿಡಿದುಕೊಂಡು, "ಎಲ್ಲಾ ಕಡೆ ಸೊಸೇನೇ ಯಾಕೆ ಬೇಕಿತ್ತು ಇವರಿಗೆ?" ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು. "ಹೋದೋರು ಸುಮ್ನೆ ಹೋಗಿರ್ತಾರಾ? ಅಲ್ಲೇ ನೀರು ಕಾಯ್ಕೊಂಡು ಕೂತಿರ್ತಾರೆ ನೋಡು."

ಮೂರು ಪುಸ್ತಕವೂ ಆ ಒಂದು ಮಾತಿನಿಂದ ಬಂದವು. ಅತ್ತೆ, ಈ ಮಾತನ್ನು ಎಲ್ಲರ ಮುಂದೆ ಹೇಳಬೇಕು ಅಂತ ತುಂಬಾ ದಿನದಿಂದ ಕಾಯುತ್ತಿದ್ದೆ.

ಮೊದಲ ಪುಸ್ತಕಕ್ಕೆ ಜೀವ ಕೊಟ್ಟವರು ನಮ್ಮ ಬೀದಿಯ ನಿವೃತ್ತ ಕಂಡಕ್ಟರ್ ಒಬ್ಬರು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ ಅಂತ ಪುಸ್ತಕದಲ್ಲಿ ಓದಿದ್ದೆ. ಅವರು ನನ್ನನ್ನು ಕರೆದುಕೊಂಡು ಹೋಗಿ ನಡೆಸಿಯೇ ತೋರಿಸಿದರು. ಅಣ್ಣಮ್ಮನ ಗುಡಿ ಹತ್ತಿರ ನಿಲ್ಲಿಸಿ, "ಇಲ್ಲಿಂದ ನೋಡಮ್ಮ, ಅಲ್ಲಿವರೆಗೂ ನೀರು ಅಂದ್ಕೋ" ಅಂದರು. ಟ್ಯಾಂಕ್ ಬಂಡ್ ರಸ್ತೆ ಅಂತ ಬೋರ್ಡ್ ಇದೆ, ಅದು ಯಾವ ಟ್ಯಾಂಕು ಅಂತ ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಆ ಮಧ್ಯಾಹ್ನದ ನಂತರ ಕಥೆ ತಾನೇ ನಡೆಯಿತು. ಮಳೆ ಬಂದ ರಾತ್ರಿಗಳಲ್ಲಿ ಬಳೇಪೇಟೆಯ ಮನೆಗಳಿಂದ ಹಿತ್ತಾಳೆ ಕೊಡಗಳು ಕಾಣೆಯಾಗುತ್ತವೆ. ಎಲ್ಲವೂ ಬೆಳಿಗ್ಗೆ ಪ್ಲಾಟ್‌ಫಾರ್ಮಿನ ಮೇಲೆ ಸಾಲಾಗಿ ನಿಂತಿರುತ್ತವೆ, ನೀರು ಹಿಡಿಯಲು ಬಂದವರ ಹಾಗೆ. ಸರ್, ಆ ಸಾಲು ನಿಮ್ಮದು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಕೈ ಬೀಸಿ ತೋರಿಸಿದ್ದು ನೀವು.

ಆ ಹಸ್ತಪ್ರತಿಯನ್ನು ಒಬ್ಬ ಪ್ರಕಾಶಕರು ಎರಡು ವರ್ಷ ಇಟ್ಟುಕೊಂಡು ವಾಪಸ್ ಕೊಟ್ಟರು. ಇದು ಮಕ್ಕಳಿಗೋ ದೊಡ್ಡವರಿಗೋ ತಿಳಿಯುತ್ತಿಲ್ಲ ಅಂದರು. ನನಗೆ ತುಂಬಾ ಅಳು ಬಂತು. ಆಗ ನನ್ನ ಜೊತೆ ಕೆಲಸ ಮಾಡುವ ಗೆಳತಿಯರು ಒಂದು ನೋಟ್‌ಬುಕ್ ಹಿಡಿದು, ಪುಸ್ತಕ ಬೇಕು ಅನ್ನುವವರ ಹೆಸರು ಬರೆದುಕೊಂಡು, ಮುಂಗಡ ದುಡ್ಡು ವಸೂಲಿ ಮಾಡಿದರು. ಒಂದು ತಿಂಗಳಲ್ಲಿ 212 ಹೆಸರು. ಆ ನೋಟ್‌ಬುಕ್ ದೇವರ ಮನೆಯಲ್ಲಿದೆ.

ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ ಕರಡು ತಿದ್ದಿದ ಹಿರಿಯರಿಗೆ ನಮಸ್ಕಾರ. ಅವರು ಕಾಗುಣಿತದ ಜೊತೆಗೆ ಕಾಲವನ್ನೂ ತಿದ್ದಿದರು. ಕಥೆಯ ಅಜ್ಜಿ ಬುಧವಾರ ಕಳ್ಳನನ್ನು ಹಿಡಿದು, ಮಂಗಳವಾರ ಅವನ ಮೇಲೆ ಅನುಮಾನ ಪಡುವ ಹಾಗೆ ಬರೆದಿದ್ದೆ. ಪತ್ತೆದಾರಿ ಕಥೆಗೆ ಅದಕ್ಕಿಂತ ದೊಡ್ಡ ಉಪಕಾರ ಇದೆಯಾ?

ಎರಡನೇ ಪುಸ್ತಕ ಸಂಪಂಗಿ ಕೆರೆಯದ್ದು. ಈಗ ಕಂಠೀರವ ಕ್ರೀಡಾಂಗಣ ಇರುವ ಕಡೆ. ಕೆರೆಯಲ್ಲಿ ಒಂದು ಚಿಕ್ಕ ತುಂಡು ಮಾತ್ರ ಉಳಿದಿದೆ, ಕರಗದ ಪೂಜೆಗೆ. ಚೈತ್ರ ಪೌರ್ಣಮಿಯ ರಾತ್ರಿಯೇ ಕಥೆಯ ಎದೆ. ಕರಗ ಧರ್ಮರಾಯನ ಗುಡಿಯಿಂದ ಹೊರಟು ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗುವ ಊರು ಇದು. ಇಂಥ ಊರಿಗೆ ಮಾಯೆಯನ್ನು ನಾನು ಹೊರಗಿನಿಂದ ತರಬೇಕಾಗಿಲ್ಲ. ಆದರೆ ಕರಗ ಹೊತ್ತವರು ಅದನ್ನು ಕೈಯಲ್ಲಿ ಹಿಡಿದುಕೊಂಡರು ಅಂತ ಒಂದು ಕಡೆ ಬರೆದುಬಿಟ್ಟಿದ್ದೆ. ತಿಗಳರಪೇಟೆಯ ಓದುಗರೊಬ್ಬರು ಫೋನ್ ಮಾಡಿದರು. ಬೈಯಲಿಲ್ಲ. "ತಾಯೀ, ಕರಗಾನ ಕೈಯಲ್ಲಿ ಮುಟ್ಟಲ್ಲಮ್ಮ, ತಲೆ ಮೇಲೆ ಅದೇ ನಿಲ್ಲುತ್ತೆ" ಅಂದರು. ಆಮೇಲೆ ಒಂದು ಗಂಟೆ, ಕತ್ತಿ ಹಿಡಿದು ಕರಗದ ಜೊತೆ ಸಾಗುವ ವೀರಕುಮಾರರ ಬಗ್ಗೆ, ಮಲ್ಲಿಗೆ ಹೂವಿನ ಬಗ್ಗೆ ಹೇಳಿದರು. ಎರಡನೇ ಮುದ್ರಣದಲ್ಲಿ ತಿದ್ದಿದ್ದೇನೆ. ನಿಮ್ಮ ತಾಳ್ಮೆಯನ್ನು ಮರೆಯಲ್ಲ ಅಣ್ಣಾ.

ಇನ್ನು ಮೂರನೆಯದು. ಇದೇ ಕಷ್ಟದ ಪುಸ್ತಕ. ವೃಷಭಾವತಿಯ ಕಥೆ. ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ ನದಿ ಅಂತ ಬಸವನಗುಡಿಯಲ್ಲಿ ನಂಬಿಕೆ. ಮೈಸೂರು ರಸ್ತೆಯ ಪಕ್ಕ ಕಪ್ಪಾಗಿ, ಊರಿನ ಕೊಳೆಯನ್ನೆಲ್ಲಾ ಹೊತ್ತು ಅರ್ಕಾವತಿ ಸೇರುತ್ತಾಳೆ. ಕಾರ್ತಿಕದ ಕೊನೇ ಸೋಮವಾರ, ಕಡಲೆಕಾಯಿ ಪರಿಷೆಗೆ, ಅವಳು ತವರಿಗೆ ಬಂದರೆ ಹೇಗಿರುತ್ತೆ? ಯಾರು ಅವಳನ್ನು ಒಳಗೆ ಕರೆಯುತ್ತಾರೆ? ಇಷ್ಟು ಬರೆದು ನಿಲ್ಲಿಸಿದ್ದೆ. 2024ರ ಮಳೆಗಾಲದಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ನಗಿಸುವ ಒಂದು ಸಾಲೂ ನನ್ನಿಂದ ಹೊರಡಲಿಲ್ಲ.

ಆರನೇ ದಿನ ಅತ್ತೆಯೇ ಕೇಳಿದರು. "ಅವಳು ಪರಿಷೆಗೆ ಬಂದಳಲ್ಲ, ಮುಂದೇನಾಯ್ತೇ?" ಬ್ಯಾಗಿನಲ್ಲಿದ್ದ ಹಾಳೆಗಳನ್ನು ತೆಗೆದು ಮೆಲ್ಲಗೆ ಓದಿದೆ. ಮಧ್ಯದಲ್ಲಿ ತಡೆದರು. "ಆ ನೀರಿನವಳು ಕೆಂಗೇರಿಯಿಂದ ಬಸ್ಸಲ್ಲಿ ಬಂದಳು ಅಂತೀಯ. ಹೆಂಗಸರಿಗೆ ಫ್ರೀ, ಸರಿ. ಆಧಾರ್ ಕಾರ್ಡ್ ಎಲ್ಲಿಂದ ತಂದಳು?"

ಪಕ್ಕದ ಹಾಸಿಗೆಯಲ್ಲಿ ಚನ್ನಪಟ್ಟಣದ ಅಜ್ಜಿ ಒಬ್ಬರಿದ್ದರು. ಅವರು ಬಿದ್ದು ಬಿದ್ದು ನಕ್ಕರು. ನರ್ಸ್ ಓಡಿ ಬಂದರು.

ಈ ಬಗೆಯ ಕಥೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲಾ ಅತ್ತೆಯ ಆ ಪ್ರಶ್ನೆಯಲ್ಲೇ ಇದೆ. ದೆವ್ವ ಗೋಡೆ ದಾಟಿದರೆ ಯಾರೂ ನಗುವುದಿಲ್ಲ, ಯಾರೂ ನಂಬುವುದೂ ಇಲ್ಲ. ಅದೇ ದೆವ್ವ ಕಂಡಕ್ಟರ್ ಮುಂದೆ ಕಾರ್ಡಿಗಾಗಿ ಚೀಲ ತಡಕಾಡಬೇಕು. ಆಗ ಅದು ನಮ್ಮನೆಯವರ ಹಾಗೆ ಆಗುತ್ತೆ. ಅಲ್ವಾ? ಬಸ್ಸಿನ ಅಧ್ಯಾಯವನ್ನು ಆ ರಾತ್ರಿಯೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮತ್ತೆ ಬರೆದೆ. ತುಂಬಾ ಓದುಗರು ತಮಗೆ ಅದೇ ಅಧ್ಯಾಯ ಇಷ್ಟ ಅಂತ ಈಗಾಗಲೇ ಹೇಳಿದ್ದಾರೆ.

ಮುಂದಿನ ಒಂಬತ್ತು ದಿನ ಇಡೀ ವಾರ್ಡಿಗೆ ಓದಿದೆ. ಜೋರಾಗಿ ಓದು ಅಂತ ಚನ್ನಪಟ್ಟಣದ ಅಜ್ಜಿಯ ಹಟ. ಕಳ್ಳ ಯಾರು ಅಂತ ತಿಳಿಯುವ ಮೊದಲೇ ಅವರಿಗೆ ಡಿಸ್ಚಾರ್ಜ್ ಆಯಿತು. ಹೆಸರು, ವಿಳಾಸ ಕೇಳಿಕೊಳ್ಳಲಿಲ್ಲ ಅಂತ ಇವತ್ತಿಗೂ ಸಂಕಟ. ಅವರ ಮನೆಯವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ತಿಳಿಸಿ. ಅಜ್ಜಿಗೆ ಒಂದು ಪ್ರತಿ ತೆಗೆದಿಟ್ಟಿದ್ದೇನೆ. ಅವರ ಅನುಮಾನ ಕಥೆಯ ಕಿರಿ ಮಾವನ ಮೇಲಿತ್ತು. ಅದು ಸರಿ ಅಂತಲೂ ಹೇಳಿಬಿಡಿ.

ನನ್ನ ಗಂಡ ಆ ದಿನಗಳಲ್ಲಿ ಅಡುಗೆ, ಮಗಳ ಸ್ಕೂಲು ಎಲ್ಲಾ ನೋಡಿಕೊಂಡರು. ಮಗಳು ಪ್ರತಿ ಅಧ್ಯಾಯ ಓದಿ ಮುಂದೆ ಏನಾಗುತ್ತೆ ಅಂತ ಪಂದ್ಯ ಕಟ್ಟುತ್ತಿದ್ದಳು. ಅವಳು ಗೆದ್ದ ಕಡೆಯೆಲ್ಲಾ ಕಥೆ ಬದಲಾಯಿಸಿದೆ. ಕಿರಿ ಮಾವನ ವಿಷಯದಲ್ಲಿ ಮಾತ್ರ ಅವಳೂ ಸೋತಳು. ಇಬ್ಬರಿಗೂ ತುಂಬು ಪ್ರೀತಿ.

ಅತ್ತೆ ಈಗ ವಾಕರ್ ಹಿಡಿದು ನಡೆಯುತ್ತಾರೆ. ಮೊದಲ ಪ್ರತಿಯನ್ನು ಎಲ್ಲಿಗೆ ಕೊಡೋಣ ಅಂತ ಕೇಳಿದೆ. ಕೋರಮಂಗಲ ಅಂದರು. ಮೊನ್ನೆ ಭಾನುವಾರ ಹೂವು, ರವಿಕೆ ಕಣ, ಪುಸ್ತಕ ತೆಗೆದುಕೊಂಡು ಲಕ್ಷ್ಮಮ್ಮನ ಗುಡಿಗೆ ಹೋದೆವು. ಪುಸ್ತಕ ಇಟ್ಟು ಹೊರಡೋಣ ಅಂದರೆ ಅತ್ತೆ ಏಳಲಿಲ್ಲ. ಕಟ್ಟೆಯ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ಮೊದಲ ಪುಟ ಬಿಡಿಸಿ ಗಟ್ಟಿಯಾಗಿ ಓದತೊಡಗಿದರು. ಯಾಕೆ ಅಷ್ಟು ಜೋರು ಅಂದೆ.

"ಅವಳಿಗೆ ಕೇಳಿಸಬೇಕಲ್ಲೇ" ಅಂದರು.